ಸ್ವೀಡನ್ನಿನ ಹೆಳವನಿಗೆ ಎರಡು ಕೊಬ್ಬರಿ

ಶೆಟ್ಟಿಕೆರೆಯಿಂದಾಚೆ, ಬಸ್ಸು ನಿಲ್ಲದ ಒಂದು ಹಳ್ಳಿಯಲ್ಲಿ ಸಿದ್ದಕ್ಕ ಎಂಬ ಹೆಂಗಸಿದ್ದಳು. ಶಂಭುಲಿಂಗಯ್ಯನವರ ತೋಟದ ಮನೆಯಲ್ಲಿ, ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳ ಚಿಪ್ಪು ಒಡೆದು ಉಂಡೆಕೊಬ್ಬರಿ ತೆಗೆಯುವುದು ಅವಳ ಕೆಲಸ. ಮೈಬಣ್ಣ ಊರಿನವರದೇ, ಮಾತು ಊರಿನವರದೇ, ಸೀರೆಗೆ ಅಂಟಿದ ನಾರಿನ ಧೂಳೂ ಊರಿನದೇ. ಕಣ್ಣು ಮಾತ್ರ ಬೂದಿ ಬಣ್ಣದ ಬೆಕ್ಕಿನ ಕಣ್ಣು. ಆ ಕಣ್ಣಿನ ದೆಸೆಯಿಂದಲೇ ಅವಳಿಗೆ ಗಂಡು ಸಿಗಲಿಲ್ಲ ಎಂದು ಊರು ಹೇಳುತ್ತಿತ್ತು. ಅದು ಪೂರ್ತಿ ನಿಜವಲ್ಲ. ನೋಡಲು ಬಂದವರು ಕಣ್ಣನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು. ಹುಡುಗಿಯ ಅಪ್ಪ ಯಾರು ಎಂದು ಕೇಳಿ, ಉತ್ತರ ಬಾರದಾಗ ಎದ್ದು ಹೋಗುತ್ತಿದ್ದರು.

ಅವಳ ತಾಯಿ ತಿಮ್ಮಕ್ಕ ಅದೇ ಊರಿನ ಬೋರಯ್ಯನ ತಂಗಿ, ತೆಂಗಿನ ತೋಟವಿದ್ದ ಒಕ್ಕಲು ಮನೆಯವಳು. ಮೊದಲನೇ ಮಹಾಯುದ್ಧದ ಕೊನೆಗೆ ದೊಡ್ಡ ಜ್ವರ ಬಂದು ಮನೆಮನೆಗಳನ್ನು ಗುಡಿಸಿಕೊಂಡು ಹೋಯಿತಲ್ಲ, ಆಗ ಅಪ್ಪ ಅಮ್ಮ ಇಬ್ಬರೂ ಹೋದರು. ಅಣ್ಣನ ಹೆಂಡತಿಯ ಕೈಯ ಊಟ ಗಂಟಲಲ್ಲಿ ಇಳಿಯದೆ, ತಿಮ್ಮಕ್ಕ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಲ್ಲಿ ಅದಿರು ಹೊರಲು ಹೋದಳು. ಅಲ್ಲಿ ಕಲ್ಲು ಕೊರೆಯುವ ಮಿಷನ್ ನಡೆಸುವುದಕ್ಕೆ ಹೊರದೇಶದ ಬಿಳಿಯರು ಬಂದಿದ್ದರು. ಮುಂದೆ ಅವಳು ಊರಿಗೆ ತಿರುಗಿ ಬಂದಾಗ ಕೊರಳಲ್ಲಿ ತಾಳಿಯಿತ್ತು, ಕಂಕುಳಲ್ಲಿ ಬೆಕ್ಕಿನ ಕಣ್ಣಿನ ಕೂಸಿತ್ತು. ಜೊತೆಯಲ್ಲಿ ಗಂಡಸಿರಲಿಲ್ಲ.

ಗಂಡನ ಹೆಸರೇನು ಎಂದು ಎಲ್ಲರೂ ಕೇಳಿದರು. ತಿಮ್ಮಕ್ಕ ಹೇಳಲಿಲ್ಲ. ಕಟ್ಟಿಕೊಂಡ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಅವನ ಆಯುಸ್ಸು ಕರಗುತ್ತದೆ ಎಂಬುದು ಆ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸದೆ ಬರುವ ಪಾಠ. ಬೇರೆ ಹೆಂಗಸರಿಗೆ ಇದರಿಂದ ಯಾವ ತೊಡಕೂ ಇಲ್ಲ. ಪಕ್ಕದಲ್ಲಿ ಅತ್ತೆಯೋ ನಾದಿನಿಯೋ ಇರುತ್ತಾರೆ, ಅವರ ಬಾಯಿಂದ ಹೇಳಿಸಿದರಾಯಿತು. ತಿಮ್ಮಕ್ಕನ ಪರವಾಗಿ ಆ ಹೆಸರು ಹೇಳುವವರು ಒಬ್ಬರೂ ಇರಲಿಲ್ಲ. ಊರಿನ ಹೆಂಗಸರೆಲ್ಲ ತಮ್ಮ ಗಂಡಂದಿರ ಹೆಸರನ್ನು ಹಲ್ಲು ಕಚ್ಚಿ ಹಿಡಿದುಕೊಂಡವರೇ. ಆದರೂ ಇವಳು ಹೇಳದೆ ಹೋದಾಗ, ಹೆಸರಿದ್ದರೆ ತಾನೇ ಹೇಳುವುದು ಎಂದು ಆಡಿಕೊಂಡರು. ಬೋರಯ್ಯ ತೋಟದ ಮೂಲೆಯಲ್ಲಿ ಗುಡಿಸಲು ಹಾಕಿಕೊಳ್ಳಲು ಜಾಗ ಕೊಟ್ಟು, ತನ್ನ ಹೊಸ್ತಿಲು ತುಳಿಯಬೇಡ ಅಂದ.

ಗಂಡನ ದೇಶದ ಬಗ್ಗೆ ಮಾತ್ರ ಅವಳು ಎರಡು ಮಾತು ಹೇಳಿದ್ದಳು. ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲವಂತೆ. ಚಳಿಗಾಲದಲ್ಲಿ ಕೆರೆಯ ನೀರಿನ ಮೇಲೆ ಗಾಡಿ ಹೊಡೆದುಕೊಂಡು ಹೋಗುತ್ತಾರಂತೆ. ಊರಿಗೆ ಇಷ್ಟು ಸಾಕಾಯಿತು. ಯಾರಾದರೂ ದೊಡ್ಡ ಸುಳ್ಳು ಬಿಟ್ಟರೆ 'ತಿಮ್ಮಕ್ಕನ ಗಾಡಿ ಬಂತು' ಅನ್ನುವುದು ರೂಢಿಯಾಯಿತು. ಆಡುವ ಮಕ್ಕಳೂ ಅಂದವು. ಸಿದ್ದಕ್ಕ ಆ ಮಾತು ಕೇಳಿಕೊಂಡೇ ಬೆಳೆದಳು, ತಾಯಿ ಸುಳ್ಳಿ ಎಂದು ಅವಳೂ ನಂಬಿದಳು. ತಿಮ್ಮಕ್ಕ ಕಾಯಿಲೆ ಬಿದ್ದು ಸಾಯುವ ಹೊತ್ತಿಗೆ ಮಗಳಿಗೆ ಮದುವೆಯ ಪ್ರಾಯ ಮೀರುತ್ತಿತ್ತು. ಈಗಲಾದರೂ ಅಪ್ಪನ ಹೆಸರು ಹೇಳು ಎಂದು ಸಿದ್ದಕ್ಕ ಗೋಗರೆದಳು. ಆಮೇಲೆ ಸಿಟ್ಟು ನೆತ್ತಿಗೇರಿ, ಸಾಯುವವಳಿಗೆ ಆಡಬಾರದ ಮಾತನ್ನೆಲ್ಲ ಆಡಿದಳು. ತಿಮ್ಮಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು, ಮತ್ತೆ ಈಚೆಗೆ ತಿರುಗಲಿಲ್ಲ.

ಸತ್ತ ಮೇಲೆ ಶುರುವಾದದ್ದು ಬೇರೆಯೇ ಸಂಕಟ. ಪಿತೃಪಕ್ಷದಲ್ಲಿ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಬಾಳೆಲೆ ಹಾಕಿ, ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಕದ ಮುಂದಕ್ಕೆಳೆದು ಈಚೆ ಕೂರುತ್ತಾರೆ. ಒಳಗೆ ಅವರು ಉಣ್ಣುತ್ತಾರೆ. ಅಪ್ಪನೂ ಇಷ್ಟರಲ್ಲಿ ಹೋಗಿರಬೇಕು ಎಂದುಕೊಂಡು ಸಿದ್ದಕ್ಕನೂ ಎರಡೆಲೆ ಹಾಕುತ್ತಿದ್ದಳು. ತಾಯಿಯನ್ನು ಕರೆಯುತ್ತಿದ್ದಳು, ಅಪ್ಪನ ಎಲೆಯ ಮುಂದೆ ಬಾಯಿ ಕಟ್ಟಿಹೋಗುತ್ತಿತ್ತು. ಬೋರಯ್ಯನ ಸೊಸೆ ರಂಗಮ್ಮ ಒಮ್ಮೆ ಇದನ್ನು ನೋಡಿ, ಹೆಸರು ಹಿಡಿದು ಕರೆಯದೆ ಯಾವ ಪ್ರೇತ ಬಂದೀತು ಎಂದು ಕೇಳಿ ಹೋದಳು. ಅವತ್ತಿನಿಂದ ಸಿದ್ದಕ್ಕನ ಎದೆಯಲ್ಲಿ ಒಂದು ಮುಳ್ಳು ಕೂತಿತು. ತಿಮ್ಮಕ್ಕ ಬದುಕಿರುವ ತನಕ, ಎಲ್ಲಿದ್ದಾನೋ ಗೊತ್ತಿಲ್ಲದ ಆ ಗಂಡನ ಪಾಲಿನ ತುತ್ತನ್ನು ಮೊದಲು ತೆಗೆದಿಟ್ಟು ಆಮೇಲೆ ತಾನು ಉಣ್ಣುತ್ತಿದ್ದವಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಅಂಥವಳು ಸತ್ತ ಮೇಲೆ ಗಂಡ ಉಣ್ಣದೆ ಎಲೆಗೆ ಕೈ ಹಾಕುತ್ತಾಳೆಯೇ? ಅಪ್ಪ ಬರುವುದಿಲ್ಲ, ಅಪ್ಪ ಬಾರದೆ ಅವ್ವ ಉಣ್ಣುವುದಿಲ್ಲ. ಅವ್ವ ಹಸಿದೇ ಇದ್ದಾಳೆ. ಚಿಪ್ಪು ಒಡೆಯುತ್ತ ಕೂತ ಸಿದ್ದಕ್ಕನ ತಲೆಯಲ್ಲಿ ವರ್ಷಗಟ್ಟಲೆ ತಿರುಗಿದ್ದು ಇದೊಂದೇ.

ಹುಳಿಯಾರು ಕಡೆಯಿಂದ ದುರ್ಗಯ್ಯ ಎಂಬ ಹೆಳವ ಎತ್ತಿನ ಮೇಲೆ ಕೂತು ಆಗೊಮ್ಮೆ ಈಗೊಮ್ಮೆ ಊರಿಗೆ ಬರುತ್ತಿದ್ದ. ಒಕ್ಕಲು ಮನೆಗಳ ಮುಂದೆ ಎತ್ತು ನಿಲ್ಲಿಸಿ, ಆ ಮನೆಯ ಮೂಲಪುರುಷ ಎಲ್ಲಿಂದ ಬಂದ, ಅವನಿಗೆ ಯಾರು ಹುಟ್ಟಿದರು, ಅವರಿಗೆ ಯಾರು ಹುಟ್ಟಿದರು ಎಂದು ತಲೆತಲಾಂತರವನ್ನು ರಾಗವಾಗಿ ಹೇಳಿ, ದವಸ ತೆಗೆದುಕೊಂಡು ಹೋಗುವುದು ಹೆಳವರ ಕಸುಬು. ಅಂಗಳದಲ್ಲಿ ಊರೇ ನಿಂತು ಕೇಳುತ್ತದೆ. ಬೋರಯ್ಯನ ವಂಶ ಹೇಳುವಾಗ ತಿಮ್ಮಕ್ಕನ ಹೆಸರು ಬರುತ್ತಿರಲಿಲ್ಲ, ಹೆಣ್ಣುಮಕ್ಕಳ ಹೆಸರನ್ನು ಹೆಳವರು ಹೇಳುವುದಿಲ್ಲ. ಸಿದ್ದಕ್ಕ ಒಂದು ಸಲ ಮೊರದಲ್ಲಿ ರಾಗಿ ಹಿಡಿದು ಅವನ ಎತ್ತಿಗೆ ಅಡ್ಡ ನಿಂತಳು, ನನ್ನದೂ ಹೇಳು ಅಂದಳು. ದುರ್ಗಯ್ಯ ಕೆಟ್ಟವನಲ್ಲ. ರಾಗಿ ಮುಟ್ಟದೆ, ಒಬ್ಬ ಗಂಡಸಿನ ಹೆಸರು ಕೊಡು ತಾಯಿ, ನಿನ್ನ ಗುಡಿಸಲ ಮುಂದೂ ಎತ್ತು ನಿಲ್ಲಿಸುತ್ತೇನೆ ಎಂದು ಹೇಳಿ ಹೋದ.

ಹೀಗೆ ಕೂದಲು ಬೆಳ್ಳಗಾಯಿತು. ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಊರಿಗೆ ಬಂತು. ಅದರ ಜೊತೆಗೆ ಕೆಂಪು ಮುಖದ, ಬೂದಿ ಕಣ್ಣಿನ ಒಬ್ಬ ಪರದೇಶಿಯೂ ಬಂದ. ಲೆನ್ನಾರ್ಟ್ ಅಂತ ಹೆಸರು, ಸ್ವೀಡನ್ ಅಂತ ದೇಶ. ಊರಿನ ಬಾಯಲ್ಲಿ ಬೋರಿನ ಸಾಹೇಬ. ಅವನ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಲು ತಾಲ್ಲೂಕು ಕಚೇರಿಯಿಂದ ಆಂಜನಪ್ಪ ಎಂಬ ಓವರ್‌ಸಿಯರ್ ಜೊತೆಗಿದ್ದ. ಮಿಷನ್ ಕೊರೆಯುತ್ತಿದ್ದರೆ ಊರೆಲ್ಲ ಸುತ್ತ ನಿಂತು ಮುಖಕ್ಕೆ ಕಲ್ಲಿನ ಹಿಟ್ಟು ಬಳಿದುಕೊಳ್ಳುತ್ತಿತ್ತು. ಮಧ್ಯಾಹ್ನ ಮಿಷನ್ ನಿಂತಾಗ ಯಾರೋ, ನಿಮ್ಮೂರಲ್ಲೂ ಹಿಂಗೆ ಬಿಸಿಲಾ ಎಂದು ಕೇಳಿಸಿದರು. ಬಿಸಿಲಿಲ್ಲ, ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಅಂದನಂತೆ ಸಾಹೇಬ. ಆಂಜನಪ್ಪ ಹಾಗೆಯೇ ಹೇಳಿದ. 'ತಿಮ್ಮಕ್ಕನ ಗಾಡಿ ಬಂತು' ಎಂದು ಗುಂಪಿನಲ್ಲಿ ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಸಿದ್ದಕ್ಕ ನಗಲಿಲ್ಲ. ಗುಂಪನ್ನು ತಳ್ಳಿಕೊಂಡು ಮುಂದೆ ಬಂದಳು.

"ಕೆರೆ ಮೇಲೆ ಗಾಡಿ ಹೋಗ್ತಾವಾ, ಕೇಳ್ರಪ್ಪ," ಅಂದಳು.

ಆಂಜನಪ್ಪ ನಾಚಿಕೊಂಡೇ ಕೇಳಿದ. ಸಾಹೇಬ ತಲೆಯಾಡಿಸಿದ. ಚಳಿಗೆ ಕೆರೆಯ ನೀರು ಕಲ್ಲಿನಂತಾಗುತ್ತದೆ, ನಮ್ಮ ತಾತ ಅದರ ಮೇಲೆ ಕುದುರೆ ಗಾಡಿಯಲ್ಲಿ ಮರದ ದಿಮ್ಮಿ ಸಾಗಿಸುತ್ತಿದ್ದರು ಎಂದ. ನಗು ನಿಂತಿತು. ಸಿದ್ದಕ್ಕ ಅಲ್ಲೇ ಧೂಳಿನಲ್ಲಿ ಕೂತಳು. ಅವ್ವ ಸುಳ್ಳು ಹೇಳಿರಲಿಲ್ಲ. ಬದುಕಿಡೀ ಒಂದು ಸುಳ್ಳೂ ಹೇಳದ ಹೆಂಗಸನ್ನು ಸುಳ್ಳಿ ಅಂದೆನಲ್ಲ, ಸಾಯುವಾಗಲೂ ಅಂದೆನಲ್ಲ. ಧೂಳು ಬಳಿದ ಮುಖದ ಮೇಲೆ ನೀರು ಹರಿಯಿತು, ಒರೆಸಿಕೊಳ್ಳಲಿಲ್ಲ.

ಸ್ವೀಡನ್ನಿನ ವಂಶ ಹುಡುಕುವ ಕೆಲಸಕ್ಕೆ ಅವಳು ಕೈ ಹಾಕಿದ್ದು ಹೀಗೆ. ಅಕ್ಷರ ಬಾರದವಳು. ತಿಪಟೂರು ಬಿಟ್ಟು ಆಚೆ ಕಂಡವಳಲ್ಲ. ದಿನವೂ ಕೆಲಸ ಮುಗಿಸಿ ಬೋರಿನ ಹತ್ತಿರ ಬಂದು ಕೂತು ಆಂಜನಪ್ಪನ ಪ್ರಾಣ ತಿಂದಳು. ಸಾಹೇಬನೂ ಅದರಲ್ಲಿ ಪಂಡಿತನೇನಲ್ಲ. ಅವನ ತಾಯಿಗೆ ವಯಸ್ಸಾದ ಮೇಲೆ ತನ್ನ ಮನೆತನದ ಬೇರು ಹುಡುಕುವ ಗೀಳು ಹಿಡಿದಿತ್ತಂತೆ. ಅವಳಿಂದ ಅಷ್ಟಿಷ್ಟು ಕೇಳಿ ಬಲ್ಲವನು. ಅವರಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಊರು ಬಿಟ್ಟು ಎಲ್ಲಿಗೆ ಹೋದರು ಎಂಬುದನ್ನೆಲ್ಲ ನೂರಾರು ವರ್ಷದಿಂದ ಆಯಾ ಊರಿನ ಪಾದ್ರಿ ಬರೆದಿಡುತ್ತಾ ಬಂದಿದ್ದಾನೆ ಎಂದು ಆಂಜನಪ್ಪ ವಿವರಿಸಿದ.

"ಅವ್ರಲ್ಲೂ ಹೆಳವರವ್ರೆ ಅನ್ನಿ," ಅಂದಳು ಸಿದ್ದಕ್ಕ.

ಹೆಳವನಲ್ಲ, ಪಾದ್ರಿ ಎಂದು ಆಂಜನಪ್ಪ ಎಷ್ಟು ಹೇಳಿದರೂ ಅವಳು ಬಗ್ಗಲಿಲ್ಲ. ಮಾಡುವ ಕೆಲಸ ಹೆಳವನದೇ ಆದ ಮೇಲೆ ಅವನು ಹೆಳವನೇ. ಇನ್ನೊಂದು ಮಾತು ಅವಳ ಎದೆಗೆ ನಾಟಿತು. ಅಲ್ಲಿ ಹಿಂದೆಲ್ಲ ಮಗ ಅಪ್ಪನ ಹೆಸರನ್ನು ತನ್ನ ಹೆಸರಿನ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದನಂತೆ, ಮಗಳೂ ಅಷ್ಟೇ, ಇಂಥವನ ಮಗಳು ಎಂದೇ ಕಡೆಯತನಕ ಕರೆಸಿಕೊಳ್ಳುತ್ತಿದ್ದಳಂತೆ. ಮದುವೆಯಾದರೂ ಬಿಡುತ್ತಿರಲಿಲ್ಲವಂತೆ. ಹೆಣ್ಣುಮಕ್ಕಳಿಗೂ ಹಾಗೆಯೇ ಎಂದು ಅವಳು ಮತ್ತೆ ಮತ್ತೆ ಕೇಳಿ ಖಾತರಿ ಮಾಡಿಕೊಂಡಳು.

ಹುಡುಕಬೇಕಾದರೆ ಹೆಸರು ಬೇಕು, ಹುಟ್ಟಿದ ಊರು ಬೇಕು ಅಂದ ಸಾಹೇಬ. ಅವಳ ಹತ್ತಿರ ಎರಡೂ ಇರಲಿಲ್ಲ. ಗುಡ್ಡ ಯಾವುದು, ಅಲ್ಲಿ ಮಾಡುತ್ತಿದ್ದ ಕೆಲಸ ಯಾವುದು, ತಾನು ಹುಟ್ಟಿದ್ದು ರೌದ್ರಿ ಸಂವತ್ಸರದ ಕೊನೆಗೆ ಎಂಬುದಷ್ಟು ಗೊತ್ತಿತ್ತು. ಆಂಜನಪ್ಪ ಪಂಚಾಂಗ ನೋಡಿಸಿ ಅದನ್ನು ಇಸವಿ ಮಾಡಿಸಿದ. ಲಾರಿ ಊರು ಬಿಡುವ ದಿನ ಸಿದ್ದಕ್ಕ, ಶಂಭುಲಿಂಗಯ್ಯನವರನ್ನು ಕೇಳಿ, ಒಂದೂ ಸೀಳಿಲ್ಲದ, ಎಣ್ಣೆ ಮಿನುಗುವ ಎರಡು ಉಂಡೆಕೊಬ್ಬರಿ ಆರಿಸಿ ತಂದು ಸಾಹೇಬನ ಕೈಗಿಟ್ಟಳು. ಒಂದು ತನಗೆ, ಒಂದು ತನ್ನ ತಾಯಿಗೆ ಎಂದುಕೊಂಡ ಅವನು. ಅಲ್ಲ, ಎರಡೂ ಅಲ್ಲಿನ ಹೆಳವನಿಗೆ. ಕೈ ಬರಿದಾಗಿ ಹೋದರೆ ಹೆಳವ ಬಾಯಿ ಬಿಡುವುದಿಲ್ಲ, ಅಷ್ಟೂ ಗೊತ್ತಿಲ್ಲವಲ್ಲ ಈ ಮಹರಾಯನಿಗೆ ಎಂದು ಅವಳಿಗೆ ಮರುಕವಾಯಿತು.

ಮಾರನೆಯ ವರ್ಷ ಸಂವತ್ಸರದ ಅರವತ್ತು ವರ್ಷದ ಚಕ್ರ ಒಂದು ಸುತ್ತು ತಿರುಗಿ ಮತ್ತೆ ರೌದ್ರಿಯೇ ಬಂತು. ಆ ಭಾದ್ರಪದದಲ್ಲಿ, ಪಿತೃಪಕ್ಷ ಹಿಡಿಯುವ ಮುಂಚೆ, ಹಾಕಿದ ಪಂಪುಗಳು ಹೇಗಿವೆ ನೋಡಲು ಸಾಹೇಬ ಬರುತ್ತಾನೆ, ನಿನ್ನ ವಿಷಯವೂ ಏನೋ ತಂದಿದ್ದಾನಂತೆ ಎಂದು ಆಂಜನಪ್ಪ ಹೇಳಿಕಳಿಸಿದ. ಸಿದ್ದಕ್ಕ ಗುಡಿಸಲಿಗೆ ಸಾರಿಸಿದಳು, ಅಂಗಳಕ್ಕೆ ರಂಗೋಲಿ ಬಿಟ್ಟಳು. ಹುಳಿಯಾರಿಗೆ ಆಳು ಕಳಿಸಿ ದುರ್ಗಯ್ಯನನ್ನು ಕರೆಸಿದಳು. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಮನೆಮನೆಗೂ ಹೋಗಿ ಬನ್ನಿ ಎಂದು ಕರೆದಳು. ರಂಗಮ್ಮನ ಹೊಸ್ತಿಲ ಈಚೆ ನಿಂತು ಅವಳನ್ನೂ ಕರೆದಳು. ಊರಿನ ಮುಂದೆ ಕಳೆದ ಮಾನ ಊರಿನ ಮುಂದೆಯೇ ಬರಬೇಕು ಎಂಬುದು ಅವಳ ಹಟ.

ಜನ ಬಂದರು. ಬಾರದೆ ಏನು, ಬಿಟ್ಟಿ ತಮಾಷೆ ಯಾರಿಗೆ ಬೇಡ. ಸಾಹೇಬ ಅಷ್ಟು ಜನರನ್ನು ಕಂಡು ಹಿಂಜರಿದ. ಆಂಜನಪ್ಪನ ಕಿವಿಯಲ್ಲಿ ಏನೋ ಹೇಳಿದ.

"ಒಳಗೆ ಕೂತು ಮಾತಾಡಾಣ ಅಂತಾರೆ ಕಣವ್ವ," ಅಂದ ಆಂಜನಪ್ಪ.

"ಹೆಳವ ಕದ ಹಾಕ್ಕೊಂಡು ಹೇಳ್ತಾನೇನಪ್ಪ? ಎಲ್ಲಾರೂ ಕೇಳ್ಲಿ. ಇಲ್ಲೇ ಹೇಳಕ್ಕೇಳಿ."

ಸಾಹೇಬ ಇನ್ನೊಮ್ಮೆ ಒಳಗೆ ಹೋಗೋಣ ಅಂದ. ಅವಳು ಇನ್ನೊಮ್ಮೆ ಬೇಡ ಅಂದಳು. ಆಂಜನಪ್ಪನಿಗೆ ಆ ಹೊತ್ತಿನಲ್ಲಿ ಎರಡು ಕಾಸಿನ ಬುದ್ಧಿಯಿದ್ದಿದ್ದರೆ ಅವಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಬೇಕಾಗಿತ್ತು. ಅವನು ಗಂಟಲು ಸರಿಮಾಡಿಕೊಂಡು, ಸಾಹೇಬ ಒಂದೊಂದು ಮಾತು ಹೇಳಿದ ಹಾಗೂ ಅದನ್ನು ಊರಿಗೆಲ್ಲ ಕೇಳುವ ಹಾಗೆ ಕನ್ನಡ ಮಾಡಿದ.

ಕೊಬ್ಬರಿ ತಲುಪಿದೆ. ಹಳೆಯ ದಾಖಲೆ ಕಾಯುವ ಮುದುಕ ಅದನ್ನು ತಿನ್ನುವುದು ಹೇಗೆಂದು ತಿಳಿಯದೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾನೆ. ಸಾಹೇಬನ ತಾಯಿ ಹಟ ಹಿಡಿದು ಹುಡುಕಿದ್ದಾಳೆ. ಹೆಸರೇ ಗೊತ್ತಿಲ್ಲದವನನ್ನು ಹುಡುಕುವುದು ಹೇಗೆಂದು ಮೊದಮೊದಲು ಅವಳಿಗೂ ತೋಚಿರಲಿಲ್ಲವಂತೆ. ಆಮೇಲೆ ಗಣಿ ಕೆಲಸದವರೇ ತುಂಬಿದ್ದ ಊರುಗಳಲ್ಲಿ, ಆ ವರ್ಷಗಳಲ್ಲಿ ಇಂಡಿಯಾಕ್ಕೆ ಹೋದವರು ಯಾರು ಎಂದು ನೋಡಿಸುತ್ತಾ ಹೋದಳಂತೆ. ಕೊನೆಗೆ ಒಂದು ಊರು ಸಿಕ್ಕಿತು. ಅಲ್ಲಿಂದ ಈ ಗುಡ್ಡಕ್ಕೆ ಮಿಷನ್ ಕೆಲಸಕ್ಕೆ ಬಂದವರು ಮೂವರು.

ಸಿದ್ದಕ್ಕನ ಮುಖದಲ್ಲಿ ನಗುವಿತ್ತು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಹೆಳವ ಹೇಳುವಾಗಲೂ ಅಣ್ಣತಮ್ಮಂದಿರ ಹೆಸರು ಬರುತ್ತದೆ, ಕೊನೆಗೆ ಒಬ್ಬನ ಮೇಲೆ ನಿಲ್ಲುತ್ತದೆ.

ಕಾರ್ಲ್, ಎರಿಕ್, ಯೂಹಾನ್ ಎಂದು ಆಂಜನಪ್ಪ ಮೂರು ಹೆಸರು ಕೂಗಿದ. ಕಾರ್ಲ್‌ಗೆ ಊರಿನಲ್ಲಿ ಆಗಲೇ ಹೆಂಡತಿ ಮಕ್ಕಳಿದ್ದರು, ತಿರುಗಿ ಹೋಗಿ ಅವರ ಜೊತೆಯೇ ಇದ್ದು ಮುದುಕನಾಗಿ ಸತ್ತ. ಎರಿಕ್ ಈ ಗುಡ್ಡದ ಬುಡದಲ್ಲೇ ಚಳಿಜ್ವರದಲ್ಲಿ ಸತ್ತ. ಯೂಹಾನ್ ಇಲ್ಲಿಂದ ಹೋದವನು ಅಮೆರಿಕದ ಹಡಗು ಹತ್ತಿದ, ಮುಂದೆ ಪತ್ತೆಯಿಲ್ಲ. ಮೂವರಲ್ಲಿ ಯಾರು ಎಂದು ಹೇಳಲು ದಾರಿಯಿಲ್ಲ. ನಿಮ್ಮ ತಾಯಿ ಯಾವತ್ತಾದರೂ ಉದ್ದವೋ ಗಿಡ್ಡವೋ, ಗಡ್ಡವಿತ್ತೋ ಇಲ್ಲವೋ, ಏನಾದರೂ ಒಂದು ಗುರುತು ಹೇಳಿದ್ದರಾ ಎಂದು ಸಾಹೇಬ ಮೆಲ್ಲಗೆ ಕೇಳಿದ. ತಿಮ್ಮಕ್ಕ ಹೇಳಿದ್ದು ಮುಳುಗದ ಹೊತ್ತು, ಕೆರೆಯ ಮೇಲಿನ ಗಾಡಿ, ಎರಡೇ. ಅಷ್ಟರಲ್ಲಿ ಹಿಂದಿನಿಂದ ರಂಗಮ್ಮನ ದನಿ ಬಂತು.

"ಒಬ್ಬ ಅಪ್ಪನೂ ಇಲ್ಲ ಅಂತಿದ್ವಲ್ಲ, ಪುಣ್ಯಾತ್ಗಿತ್ತಿಗೆ ಮೂರು ಜನ ಅವ್ರೆ ಕಣ್ರೇ."

ಅಂಗಳಕ್ಕೆ ಅಂಗಳವೇ ನಕ್ಕಿತು. ಗಂಡಸರು ಹೆಗಲ ಮೇಲಿನ ಟವಲ್ಲು ಬಾಯಿಗೊತ್ತಿಕೊಂಡು ನಕ್ಕರು. ಸಾಹೇಬನಿಗೆ ಭಾಷೆ ಬಾರದಿದ್ದರೂ ನಗು ಎಂಥದ್ದೆಂದು ತಿಳಿಯಿತು, ಮುಖ ಇನ್ನಷ್ಟು ಕೆಂಪಾಯಿತು. ಅವನು ಕೈಮುಗಿದ. ಅವಳೂ ಮುಗಿದಳು. ಅವನ ತಪ್ಪೇನೂ ಇರಲಿಲ್ಲ, ಅವನ ತಾಯಿಯ ತಪ್ಪಂತೂ ಇರಲೇ ಇಲ್ಲ. ಅಷ್ಟು ದೂರದ ಒಬ್ಬ ಮುದುಕಿ ಇನ್ನೊಬ್ಬ ಮುದುಕಿಗಾಗಿ ಮೈಮುರಿದು ಹುಡುಕಿದ್ದು ಇಷ್ಟಕ್ಕೆ ಬಂತಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಹೋದ ಮೇಲೆ ದುರ್ಗಯ್ಯ ಎತ್ತು ಹಿಡಿದು ನಿಂತಿದ್ದ. ಸಿದ್ದಕ್ಕ ಅವನ ಹತ್ತಿರ ಹೋದಳು.

"ಮೂರ್ರಲ್ಲಿ ಒಂದು ಹೇಳ್ಬುಡು ದುರ್ಗಯ್ಯ. ಯಾವ್ದಾದ್ರೂ ಸರಿ."

"ಹೇಳೋದು ನನ್ನ ಕಸುಬು ತಾಯಿ. ಆರ್ಸೋದಲ್ಲ," ಅಂದ ಅವನು. ಅವಳು ಸುರಿದಿಟ್ಟಿದ್ದ ರಾಗಿಯನ್ನು ಅವತ್ತೂ ಮುಟ್ಟಲಿಲ್ಲ.

ಮರುದಿನದಿಂದ ಅವಳು ಮೂರಪ್ಪನ ಸಿದ್ದಕ್ಕ ಆದಳು. ಕೊಬ್ಬರಿ ಒಡೆಯುವ ಹೆಂಗಸರು ಎದುರಿಗೆ ಅನ್ನುತ್ತಿರಲಿಲ್ಲ, ಅವಳು ಒಳಗೆ ಕಾಲಿಟ್ಟರೆ ಮಾತು ನಿಲ್ಲಿಸುತ್ತಿದ್ದರು. ಅಷ್ಟು ದಿನ ತಿಮ್ಮಕ್ಕನನ್ನು ಸುಳ್ಳಿ ಅನ್ನುತ್ತಿದ್ದ ಊರು ಈಗ ಅದಕ್ಕಿಂತ ಹೊಲಸು ಮಾತು ಅನ್ನತೊಡಗಿತು. ತಾಯಿ ಗೋಡೆಯ ಕಡೆ ಮುಖ ಮಾಡಿ ಕಾದುಕೊಂಡ ಮರ್ಯಾದೆಯನ್ನು ತಾನೇ ಊರಿಗೆಲ್ಲ ಬನ್ನಿ ಬನ್ನಿ ಎಂದು ಕರೆದು ಹಂಚಿಬಿಟ್ಟೆ ಎಂದು ಸಿದ್ದಕ್ಕನಿಗೆ ಅನ್ನಿಸಿತು. ಅನ್ನಿಸಿದ್ದು ತಪ್ಪು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಪಿತೃಪಕ್ಷ ಬಂತು. ಅವಳು ತಲೆಗೆ ನೀರು ಹಾಕಿಕೊಂಡು ಅಡುಗೆ ಮಾಡಿದಳು. ಅನ್ನ, ಹುರುಳಿ ಸಾರು, ವಡೆ, ಕಾಯಿಹಾಲಿನ ಪಾಯಸ. ಎಂದಿನಂತೆ ಎರಡೆಲೆ ಹಾಕಿದಳು, ಎರಡಕ್ಕೂ ಬಡಿಸಿದಳು. ಅಪ್ಪನ ಎಲೆಯ ಮುಂದೆ ಮಂಡಿಯೂರಿ ಕೂತಳು. 'ಅವ್ವ ಹಸಿದಿದ್ದಾಳೆ' ಎಂದು ಒಂದೊಂದು ಸಲ ನೆನೆದಾಗಲೂ ಬಾಯಿಯವರೆಗೆ ಒಂದು ಹೆಸರು ಬರುತ್ತಿತ್ತು. ಮೊದಲಾದರೆ ಕರೆಯಲು ಹೆಸರಿರಲಿಲ್ಲ, ಈಗ ಬಾಯ್ತುಂಬ ಹೆಸರು. ಒಬ್ಬನನ್ನು ಕರೆದು ಅವನು ಅವನಲ್ಲದಿದ್ದರೆ, ಪರಪುರುಷನನ್ನು ತಂದು ಅವ್ವನ ಪಕ್ಕದಲ್ಲಿ ಕೂರಿಸಿದಂತಾಗುತ್ತದೆ. ಮೂವರನ್ನೂ ಕರೆದರೆ ರಂಗಮ್ಮನ ಮಾತು ನಿಜವಾಗುತ್ತದೆ. ಬಿಸಿ ಅನ್ನದ ಹಬೆ ಆರಿತು.

ಆಮೇಲೆ ಎದ್ದು ಕದ ಹಾಕಿದಳು. ಎಲ್ಲರೂ ಈಚೆ ಬಂದು ಹಾಕುವ ಕದವನ್ನು ಅವಳು ಒಳಗೇ ಉಳಿದು ಹಾಕಿದಳು. ಅಪ್ಪನ ಎಲೆಯ ಮುಂದೆ ಬಂದು ಕೂತು, ಸಾರು ಸುರಿದು ಅನ್ನ ಕಲಸಿದಳು. ವಡೆ ಮುರಿದಳು. ಪಾಯಸಕ್ಕೆ ಬೆರಳಾಡಿಸಿದಳು. ಉಂಡವರು ಬಿಡುವ ಹಾಗೆ ಎಲೆಯ ಅಂಚಿಗೆ ನಾಲ್ಕು ಅಗುಳು ಚೆಲ್ಲಿ, ಕರಿಬೇವು ತೆಗೆದು ಪಕ್ಕಕ್ಕಿಟ್ಟಳು. ಉಳಿದದ್ದನ್ನು ತುತ್ತು ಮಾಡಿ ತಾನೇ ನುಂಗಿದಳು. ನೀರಿನ ಲೋಟವನ್ನು ಅರ್ಧ ಖಾಲಿ ಮಾಡಿದಳು. ಎಂಜಲಾದ ಆ ಎಲೆಯನ್ನು ತಾಯಿಯ ಎಲೆಯ ಪಕ್ಕಕ್ಕೆ, ಚೆನ್ನಾಗಿ ಕಾಣುವಂತೆ ಸರಿಸಿದಳು. ತಿಮ್ಮಕ್ಕ ಒಂದು ದಿನವೂ ಸುಳ್ಳಾಡಿದವಳಲ್ಲ, ಯಾರಾದರೂ ಸುಳ್ಳು ಹೇಳಿದರೆ ಅವಳಿಗೆ ತಿಳಿಯುವುದೂ ಕಷ್ಟ.

"ಅಪ್ಪ ಉಂಡೆದ್ರು ಕಣವ್ವ," ಅಂದಳು ಸಿದ್ದಕ್ಕ. "ಇನ್ನ ನೀನು ಉಣ್ಣು."